ಮೈದುನನ ಹರಕೆಗೆ ನಾಯಿಯ ಮುಡಿ

ಶಂಕರಪುರದ ನಮ್ಮ ಮನೆಗೆ ಆ ನಾಯಿ ಬಂದದ್ದು ಕಾವಲಿಗಲ್ಲ, ಪ್ರೀತಿಗೂ ಅಲ್ಲ, ಜಂಬಕ್ಕೆ. ತಂದವನು ನನ್ನ ಮೈದುನ. ಸೈಟು ಕೊಳ್ಳುವ ಮಾರುವ ವ್ಯವಹಾರದಲ್ಲಿ ಅವನಿಗೊಬ್ಬ ದೊಡ್ಡ ಕುಳದ ಪರಿಚಯವಾಗಿತ್ತು. ಆ ಕುಳದ ಮನೆಯ ಗೇಟಿನ ಹಿಂದೆ ಅಂಥದೊಂದು ನಾಯಿ ನೋಡಿ ಬಂದ ಮೇಲೆ ಇವನಿಗೆ ನಿದ್ದೆ ಹತ್ತಲಿಲ್ಲ. ಕೆಲವೇ ದಿನಗಳಲ್ಲಿ ನಮ್ಮ ಹಜಾರದ ಕೆಂಪು ನೆಲದ ಮೇಲೂ ಒಂದು ಮರಿ ಉಚ್ಚೆ ಹೊಯ್ದುಕೊಂಡು ನಿಂತಿತ್ತು. ಸೇಂಟ್ ಬರ್ನಾರ್ಡ್ ಜಾತಿ. ಹಿಮದ ಬೆಟ್ಟಗಳಲ್ಲಿ ದಾರಿ ತಪ್ಪಿದವರನ್ನು ಹುಡುಕುವ ನಾಯಿಯಂತೆ. ನಮ್ಮ ಬೀದಿಯಲ್ಲಿ ದಾರಿ ತಪ್ಪುವವರು ಯಾರಿದ್ದರೋ, ಅವನೇ ಹೇಳಬೇಕು.

ಮನೆಯೆಂದರೆ ಅತ್ತೆ, ನಾನು, ನನ್ನ ಗಂಡ, ಮೈದುನ, ಓರಗಿತ್ತಿ, ಅವರ ಮಗಳು. ಕಾಟನ್‌ಪೇಟೆಯಲ್ಲಿ ನಮ್ಮದು ಟವೆಲ್ಲು, ಬೆಡ್‌ಶೀಟುಗಳ ಹೋಲ್‌ಸೇಲ್ ಅಂಗಡಿ, ಮಾವನವರ ತಂದೆಯ ಕಾಲದ್ದು. ನನ್ನ ಗಂಡ ಅದರ ಗಾದಿಯ ಮೇಲೆ ಕೂತೇ ತಲೆ ಬೋಳಾದವರು. ಮೈದುನ ಅಂಗಡಿ ಬಿಟ್ಟು ಸೈಟಿಗೆ ಇಳಿದವನು. ನಮ್ಮ ಒಬ್ಬಳೇ ಮಗಳು ಮದುವೆಯಾಗಿ ದಾವಣಗೆರೆಗೆ ಹೋದದ್ದೂ ಆ ವರ್ಷವೇ. ಹಿರಿ ಸೊಸೆಯ ಕೈ ಈಗ ಖಾಲಿ ಎಂದು ಮನೆಯವರಿಗೆಲ್ಲ ಒಟ್ಟಿಗೇ ಅನ್ನಿಸಿಬಿಟ್ಟಿತು. ಸಂಜೆ ಮೈದುನ ನಾಯಿಯನ್ನು ಬೀದಿಗೆ ಕರೆದುಕೊಂಡು ಹೋಗುತ್ತಿದ್ದ. ಜನ ಸ್ಕೂಟರು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು, ಅವನು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುತ್ತಿದ್ದ. ವಾಪಸು ಬಂದವನೇ ಗೇಟಿನಲ್ಲೇ ಹಗ್ಗವನ್ನು ನನ್ನ ಕೈಗೆ ಕೊಡುತ್ತಿದ್ದ. ಅಲ್ಲಿಂದಾಚೆಗಿನ ಜೊಲ್ಲು, ಕೆಸರು, ಕೂದಲು ಎಲ್ಲ ನನ್ನ ಪಾಲು.

ಅದಕ್ಕೆ ಮೈದುನ ಇಟ್ಟ ಇಂಗ್ಲಿಷ್ ಹೆಸರೊಂದಿತ್ತು. ಅತ್ತೆಯ ನಾಲಿಗೆಗೆ ಅದು ತಿರುಗುತ್ತಿರಲಿಲ್ಲ, ನನಗೆ ಬೇಕಿರಲಿಲ್ಲ. ನಾನು ಕಂದ ಅನ್ನುತ್ತಿದ್ದೆ. ವರ್ಷ ತುಂಬಿ ಎರಡಾಗುವಷ್ಟರಲ್ಲಿ ಕಂದನ ತೂಕ ನನ್ನ ತೂಕವನ್ನು ಮೀರಿತ್ತು. ಹಜಾರದಲ್ಲಿ ಮಲಗಿದರೆ ದಾಟಿಕೊಂಡು ಹೋಗಬೇಕು, ಎದ್ದು ಮೈ ಒದರಿದರೆ ಗೋಡೆಗೆಲ್ಲ ಜೊಲ್ಲು. ಅಂಗಡಿಯಲ್ಲಿ ಅಂಚು ಸರಿಯಿಲ್ಲದೆ ಉಳಿದ ಟವೆಲ್ಲುಗಳನ್ನೆಲ್ಲ ಅದರ ಬಾಯಿ ಒರೆಸುವುದಕ್ಕೆ ತರಿಸಿಕೊಂಡಿದ್ದೆ.

ಜೊಲ್ಲನ್ನಾದರೂ ಒರೆಸಬಹುದು, ಕೂದಲು ಹಾಗಲ್ಲ. ಕೂದಲು ಉದುರುವ ಕಾಲ ಬಂದರೆ ಮನೆಯಲ್ಲಿ ಕೂದಲಿಲ್ಲದ ಜಾಗವೇ ಇರುತ್ತಿರಲಿಲ್ಲ. ವಿಭೂತಿ ಗಟ್ಟಿಯ ಮೇಲೆ ಕೂದಲು, ಒಗೆದು ಒಣಹಾಕಿದ ಪಂಚೆಯ ಮೇಲೆ ಕೂದಲು. ಸಾರಿನಲ್ಲಿ ಸಿಕ್ಕಿದರಂತೂ ಅದನ್ನು ಬೆಳಕಿಗೆ ಹಿಡಿದು ಉದ್ದ ನೋಡಿ, ನಾಯಿಯದಾದರೆ ನನ್ನ ಕಡೆ ನೋಡುತ್ತಿದ್ದರು, ಮನುಷ್ಯರದಾದರೆ ಓರಗಿತ್ತಿಯ ಕಡೆ. ಅತ್ತೆ ಒಂದು ದಿನ ಲಿಂಗಪೂಜೆಯ ಹೊತ್ತಿಗೆ ಬಿಲ್ವಪತ್ರೆಗೆ ಅಂಟಿದ್ದ ಬಿಳಿ ಎಳೆಯನ್ನು ಕಂಡು ಊಟ ಬಿಟ್ಟರು. ಊಟ ಬಿಟ್ಟ ಅತ್ತೆಗೆ ನಾಲ್ಕು ಗಂಟೆಗೆ ಚುರುಮುರಿ, ಬಾಳೆಹಣ್ಣು ಕೊಟ್ಟವಳೂ ನಾನೇ.

ಬಾಚುವುದನ್ನು ನನಗೆ ತಿಳಿಸಿಕೊಟ್ಟದ್ದು ಚಾಮರಾಜಪೇಟೆಯ ಪಶುವೈದ್ಯೆ, ನನ್ನ ಮಗಳ ವಯಸ್ಸಿನವಳು. ಲಸಿಕೆಗೆ ಕರೆದುಕೊಂಡು ಹೋದಾಗ ಅದರ ಬೆನ್ನ ಮೇಲಿನ ಕೂದಲನ್ನು ಎರಡೂ ಕೈಯಲ್ಲಿ ಬೇರ್ಪಡಿಸಿ ತೋರಿಸಿದಳು. ಒಳಗೆ ಹತ್ತಿಯಂಥ ಮೆತ್ತನೆಯ ಪದರ, ಹೊರಗೆ ಉದ್ದನೆಯ ಒರಟು ಪದರ. ಚಳಿಯನ್ನು ಮಾತ್ರವಲ್ಲ, ಬಿಸಿಲನ್ನೂ ತಡೆಯುವುದು ಇದೇ. ಚೆನ್ನಾಗಿ ಬಾಚಿದರೆ ಒಳಗೆ ಗಾಳಿ ಆಡಿ ಮೈ ತಣ್ಣಗಿರುತ್ತದೆ. ಏನೇ ಆದರೂ ಬೋಳಿಸಬೇಡಿ, ಬೋಳಿಸಿದರೆ ಮೊದಲಿನ ಹಾಗೆ ಬರುತ್ತದೆ ಅನ್ನುವ ಭರವಸೆ ಇಲ್ಲ ಎಂದು ಅವಳು ಆವತ್ತೇ ಹೇಳಿದ್ದಳು. ನಾನು ಮನೆಗೆ ಬಂದು ಎಲ್ಲರೆದುರಿಗೂ ಅದನ್ನು ಹೇಳಿದೆ. ಎಲ್ಲರೂ ಹೂಂ ಅಂದರು. ನಮ್ಮ ಮನೆಯಲ್ಲಿ ಹೂಂ ಅಂದರೆ ಕೇಳಿಸಲಿಲ್ಲ ಅಂತ ಅರ್ಥ.

ಬಾಚುವುದಕ್ಕೂ ನಮ್ಮಲ್ಲಿ ಪಂಚಾಂಗ ಬೇಕು. ಸೋಮವಾರ ಶಿವನ ವಾರ, ಮನೆಯಲ್ಲಿ ಕೂದಲು ಬಿಚ್ಚುವ ಹಾಗಿಲ್ಲ. ಶುಕ್ರವಾರವೂ ಇಲ್ಲ. ಅಮಾವಾಸ್ಯೆ ಇಲ್ಲ. ದೀಪ ಹಚ್ಚಿದ ಮೇಲಂತೂ ಬಾಚಣಿಗೆಯನ್ನು ಕಣ್ಣಿಗೆ ಕಾಣಿಸಲೂಬಾರದು. ಮನುಷ್ಯರಿಗಿದ್ದ ಈ ನಿಯಮವನ್ನು ಅತ್ತೆ ನಾಯಿಗೂ ಅನ್ವಯಿಸಿದರು. ಶ್ರಾವಣದಲ್ಲಿ ಮನೆಯ ಗಂಡಸರೇ ಕ್ಷೌರ ಮಾಡಿಸುವುದಿಲ್ಲ, ನಾಯಿಗೇನು ಅವಸರ ಎಂದು ಮೊದಲ ವರ್ಷ ಆ ತಿಂಗಳು ಪೂರ್ತಿ ಬಾಚಲು ಬಿಡಲಿಲ್ಲ. ಮಳೆಯ ತೇವಕ್ಕೆ ಕಿವಿಯ ಹಿಂದೆ, ತೊಡೆಯ ಸಂದಿನಲ್ಲಿ ಗಂಟುಗಳು ಬಿಗಿದು ಚರ್ಮವನ್ನೇ ಎಳೆಯತೊಡಗಿದವು. ಅದನ್ನು ಬಿಡಿಸುವಾಗ ನಾಯಿ ಕೂಗಿದ್ದು ಮೂರನೆಯ ಮನೆಗೆ ಕೇಳಿಸಿ, ಅವರು ಬಂದು ವಿಚಾರಿಸಿದ ಮೇಲೆ ಶ್ರಾವಣದ ನಿಯಮ ಸಡಿಲವಾಯಿತು. ಅತ್ತೆಗೆ ದೇವರಿಗಿಂತ ನೆರೆಯವರ ಭಯ ಒಂದು ತೂಕ ಜಾಸ್ತಿ.

ಮಧ್ಯಾಹ್ನದ ಊಟವಾಗಿ ಎಲ್ಲರೂ ಒರಗಿದ ಮೇಲೆ ನಾನು ಹಿಂದಿನ ಅಂಗಳದಲ್ಲಿ, ತೆಂಗಿನ ಮರದ ನೆರಳಿನಲ್ಲಿ ಚಾಪೆ ಹಾಸುತ್ತಿದ್ದೆ. ನಾಯಿ ಬಂದು ಮಗ್ಗುಲಾಗಿ ಮಲಗುತ್ತಿತ್ತು. ಮೊದಲು ನೀರಿಗೆ ತುಸು ಕಂಡಿಷನರ್ ಬೆರೆಸಿ ಚಿಮುಕಿಸುವುದು, ಒಣ ಕೂದಲನ್ನು ಬಾಚಿದರೆ ತುಂಡಾಗುತ್ತದೆ. ಆಮೇಲೆ ಹೊಟ್ಟೆಯ ಹತ್ತಿರದಿಂದ ಶುರು. ಎಡಗೈಯಲ್ಲಿ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿದು, ಚರ್ಮ ಕಾಣುವ ಹಾಗೆ ಬೈತಲೆ ತೆಗೆದು, ಆ ಬೈತಲೆಯಿಂದ ಒಂದೊಂದು ಸಾಲನ್ನು ಕೆಳಗೆ ಬಿಟ್ಟು ಬುಡದಿಂದ ತುದಿಯವರೆಗೆ ಬಾಚಬೇಕು. ಮೇಲಿಂದ ಮೇಲೆ ಸವರಿದರೆ ನೋಡುವುದಕ್ಕೆ ಚೆಂದ, ಒಳಗೆ ಹಾಗೇ ಗಂಟು. ಹಲ್ಲು ದೂರ ಇರುವ ಕುಂಟೆಯಂಥ ಬಾಚಣಿಗೆಯಲ್ಲಿ ಸತ್ತ ಒಳಗೂದಲನ್ನು ಎಳೆಯುವುದು, ಮುಳ್ಳಿನ ಬ್ರಷ್ಷಿನಲ್ಲಿ ಬಿಡಿಸುವುದು, ಕೊನೆಗೆ ಉಕ್ಕಿನ ಬಾಚಣಿಗೆ ಎಲ್ಲೂ ತಡೆಯದೆ ಓಡಿದರೆ ಆ ಭಾಗ ಮುಗಿದ ಹಾಗೆ. ಒಂದು ಮಗ್ಗುಲು ಮುಗಿದ ಮೇಲೆ ತಿರುಗು ಅನ್ನುತ್ತಿದ್ದೆ. ನಿಟ್ಟುಸಿರು ಬಿಟ್ಟು ತಿರುಗುತ್ತಿತ್ತು. ಬಾಲ ಮಾತ್ರ ಅದಕ್ಕೆ ಇಷ್ಟವಿರಲಿಲ್ಲ, ಬಾಲ ಮುಟ್ಟಿದರೆ ಎದ್ದು ಕೂತು ಬೇರೆ ಕಡೆ ನೋಡುತ್ತಿತ್ತು.

ಇದನ್ನು ಕಲಿಸುವುದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. ಚಾಪೆ ಹಾಸಿದರೆ ಬರಬೇಕು, ಮಲಗು ಅಂದರೆ ಮಲಗಬೇಕು, ಎಲ್ಲಿ ಮುಟ್ಟಿದರೂ ಹೆದರಬಾರದು. ಬೆಲ್ಲದ ಚೂರು ಕೊಟ್ಟು, ಬೈದು, ಬೇಡಿಕೊಂಡು ಕಲಿಸಿದೆ. ಕಲಿತ ಮೇಲೆ ಆ ಹೊತ್ತು ನನ್ನದಾಯಿತು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಯಾರೂ ಕರೆಯದ, ಯಾರಿಗೂ ಏನೂ ಬಡಿಸಬೇಕಾಗಿಲ್ಲದ ಹೊತ್ತು ಅಂತ ನನಗೆ ಇದ್ದದ್ದು ಅದೊಂದೇ. ನಾಯಿಯ ಕೂದಲು ಗಾಳಿಗೆ ಹಾರುತ್ತದೆ ಎಂದು ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ. ಅದರ ಬಿಸಿ ಮೈಗೆ ಮಂಡಿ ಒತ್ತಿಕೊಂಡು ಕೂತು ನಾನು ಮನಸ್ಸಿನಲ್ಲಿದ್ದದ್ದನ್ನೆಲ್ಲ ಅದಕ್ಕೆ ಹೇಳುತ್ತಿದ್ದೆ, ಮುಖ್ಯವಾಗಿ ಮನೆಯವರ ಮೇಲಿನ ದೂರುಗಳನ್ನು. ನಾನು ಆ ನಾಯಿಯನ್ನು ಪ್ರೀತಿಸಿದೆ. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಹೀಗಿರುವಾಗ ಒಂದು ಮಳೆಗಾಲದಲ್ಲಿ ಮೈದುನನಿಗೆ ಡೆಂಗಿ ಬಂತು. ಪ್ಲೇಟ್‌ಲೆಟ್ ಇಳಿದು ಆಸ್ಪತ್ರೆ ಸೇರಿದ. ಇಡೀ ಮನೆ ಪರಂಗಿ ಎಲೆಯ ರಸ ಹಿಂಡಿಕೊಂಡು ಓಡಾಡಿತು. ಸಂಕಟ ಬಂದಾಗ ವೆಂಕಟರಮಣ ಅನ್ನುತ್ತಾರಲ್ಲ, ನಮ್ಮದು ಶಿವಭಕ್ತರ ಮನೆ, ಅತ್ತೆ ಮನೆದೇವರನ್ನು ಹಿಡಿದುಕೊಂಡರು. ಅರಿಶಿನದ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ, ಮಗ ಉಳಿದರೆ ನಿನ್ನ ಸನ್ನಿಧಿಗೆ ಕರೆತಂದು ಅವನ ಮುಡಿ ಕೊಡಿಸುತ್ತೇನೆ ಎಂದು ಹರಕೆ ಹೊತ್ತರು. ಮಗ ಉಳಿದ. ಆ ಬಗ್ಗೆ ನನಗೆ ಬೇಸರವೇನೂ ಇಲ್ಲ.

ಆದರೆ ಜ್ವರ ಬಿಟ್ಟು ಎರಡು ತಿಂಗಳಿಗೆ ಅವನ ತಲೆಗೂದಲು ಗುಪ್ಪೆ ಗುಪ್ಪೆಯಾಗಿ ಉದುರತೊಡಗಿತು. ಆಸ್ಪತ್ರೆಯಲ್ಲಿ ಧೈರ್ಯವಾಗಿದ್ದವನು ಬಚ್ಚಲುಮನೆಯಲ್ಲಿ ಅತ್ತ. ಕಾಯಿಲೆಯ ಕೂದಲು ತಾನಾಗಿ ಬರುತ್ತದೆ ಎಂದು ಎಲ್ಲರೂ ಹೇಳಿದರು, ಅವನಿಗೆ ತಾಳ್ಮೆ ಇರಲಿಲ್ಲ. ಹಿಂದಲೆಯ ಕೂದಲು ಕಿತ್ತು ಮುಂದಲೆಗೆ ನಾಟಿ ಹಾಕುವ ಕಡೆಗೆ ಹೋಗಿ, ತಲೆಗೆ ಪಟ್ಟಿ ಸುತ್ತಿಸಿಕೊಂಡು ಬಂದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವ ಗಾದೆಯನ್ನು ನಾನು ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದೆ, ಓರಗಿತ್ತಿಗೆ ಕೇಳಿಸಿತು, ಎರಡು ದಿನ ಮಾತು ಬಿಟ್ಟಳು. ನಾಟಿ ಕಚ್ಚಿಕೊಂಡಿತು. ಪೈರು ತೆನೆಗಟ್ಟಿದ ಮೇಲೆ ಅದಕ್ಕೆ ಕತ್ತಿ ಹಾಕಿಸುವ ಮಾತು ಯಾರು ಎತ್ತುತ್ತಾರೆ? ಹರಕೆಯ ಸುದ್ದಿ ಬಂದಾಗಲೆಲ್ಲ ಮೈದುನ ಮುಂದಿನ ತಿಂಗಳು ಅನ್ನುತ್ತಿದ್ದ.

ಮುಂದಿನ ವರ್ಷ ಅವನ ಮಗಳಿಗೆ ಗಂಡು ನೋಡಲು ಶುರುಮಾಡಿದರು. ಒಂದು ಸಂಬಂಧ ಕೂಡಿ ಬರುವ ಹಾಗೆ ಕಂಡು ತಪ್ಪಿತು, ಇನ್ನೊಂದೂ ತಪ್ಪಿತು. ಅತ್ತೆಗೆ ಕಾರಣ ಹೊಳೆಯಿತು. ತೀರಿಸದ ಹರಕೆ ಮನೆಯಲ್ಲಿಟ್ಟುಕೊಂಡು ಶುಭಕಾರ್ಯ ಆಗುವುದು ಹೇಗೆ? ಒಂದು ಭಾನುವಾರ ಬೆಳಿಗ್ಗೆ ತಿಂಡಿಗೆ ಕೂತಾಗ ಪಂಚಾಯಿತಿ ನಡೆಯಿತು. ಮೈದುನನ ತಲೆ ಮುಟ್ಟುವ ಹಾಗಿಲ್ಲ. ನನ್ನ ಗಂಡನ ತಲೆಯಲ್ಲಿ ದೇವರಿಗೆ ಕೊಡುವಂಥದ್ದು ಏನೂ ಉಳಿದಿಲ್ಲ. ಮದುವೆಯಾಗಬೇಕಾದ ಹುಡುಗಿಯ ಕೂದಲು ತೆಗೆಯುವುದುಂಟೆ? ಆಗ ಅತ್ತೆ ಬಾಗಿಲಲ್ಲಿ ಮಲಗಿದ್ದ ನಾಯಿಯನ್ನು ನೋಡಿದರು.

“ಅವನ ಅನ್ನ ತಿಂದು ಬೆಳೆದಿರೋ ಜೀವ. ಅದರ ಮುಡಿ ಕೊಟ್ರೆ ಅವನೇ ಕೊಟ್ಟ ಹಾಗೆ,” ಅಂದರು.

ನಗುತ್ತಾರೆ ಅಂದುಕೊಂಡೆ. ಯಾರೂ ನಗಲಿಲ್ಲ. ಮೈದುನನ ಮುಖದಲ್ಲಿ ಗೆಲುವು ಬಂತು. ಬೇಸಿಗೆ ಬೇರೆ, ಅದಕ್ಕೂ ತಂಪಾಗುತ್ತೆ ಎಂದು ಓರಗಿತ್ತಿ ಸೇರಿಸಿದಳು. ಅತ್ತೆ ಆಗಲೇ ಮನೆಗೆ ಪೂಜೆಗೆ ಬರುವ ಅಯ್ಯನವರಿಗೆ ಫೋನು ಮಾಡಿ ಕೇಳಿದ್ದರಂತೆ, ಅವರು ಭಕ್ತಿ ಮುಖ್ಯ ಅಂದರಂತೆ. ಏನು ಕೇಳಿದರೂ ಅವರು ಹೇಳುವುದು ಅಷ್ಟೇ. ಅವನ ಅನ್ನವಂತೆ! ಅಕ್ಕಿ ಅಂಗಡಿಯ ದುಡಿಮೆಯದು, ಬೇಯಿಸಿದವಳು ನಾನು, ಕಲಸಿ ಬಟ್ಟಲಿಗೆ ಹಾಕಿದವಳು ನಾನು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ವೈದ್ಯೆ ಹೇಳಿದ್ದನ್ನು ಮತ್ತೆ ಹೇಳಿದೆ. ಆ ಕೂದಲು ಹೋದರೆ ಬಿಸಿಲು ನೇರವಾಗಿ ಚರ್ಮಕ್ಕೆ ಬೀಳುತ್ತದೆ, ಅದು ಕಂಬಳಿಯಲ್ಲ ಛತ್ರಿ, ತೆಗೆದರೆ ವಾಪಸು ಬರುವ ಖಾತ್ರಿಯಿಲ್ಲ ಎಂದೆ. ನನಗೆ ತಿಳಿದ ರೀತಿಯಲ್ಲೆಲ್ಲ ಹೇಳಿದೆ. ಡಾಕ್ಟರ ಮಾತಿಗೆ ದೇವರ ಮಾತು ತಪ್ಪುವುದಕ್ಕಾಗುತ್ತದೆಯೇ ಎಂದು ಅತ್ತೆ ಕೇಳಿದರು. ಎರಡು ದೋಸೆ ಹೆಂಚಿನ ಮೇಲೆ ಸೀದುಹೋದವು. ಕೊನೆಗೆ ಸಟ್ಟುಗ ಕೈಯಲ್ಲಿ ಹಿಡಿದುಕೊಂಡೇ ಹೇಳಿದೆ:

“ಮುಡಿ ತಾನೆ ಬೇಕಾಗಿರೋದು? ನಂದು ಕೊಡ್ತೀನಿ ಅತ್ತೆ. ಪೂರ್ತಿ ತಲೆ. ನಾಳೆನೇ ಹೋಗೋಣ.”

ನನ್ನ ಕೂದಲು ಆಗ ಸೊಂಟದವರೆಗೆ ಇತ್ತು. ಕೊಡುವುದಕ್ಕೆ ನನಗೆ ನಿಜವಾಗಿ ಏನೂ ಅನ್ನಿಸುತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಹೆಂಗಸರು ತಲೆ ಕೊಡುತ್ತಾರೆ, ನಮ್ಮಲ್ಲಿ ಮಾತ್ರ ಹೂಮುಡಿ ಅಂತ ತುದಿಯ ಮೂರು ಎಳೆ ಕತ್ತರಿಸುವುದಷ್ಟೇ ಪದ್ಧತಿ. ಅತ್ತೆ ತಟ್ಟೆ ದೂರ ತಳ್ಳಿದರು.

“ಮುತ್ತೈದೆ ತಲೆ ಬೋಳಿಸ್ಕೊಂಡ್ರೆ ಯಾರ ಆಯಸ್ಸಿಗೆ ಬರುತ್ತೆ ಗೊತ್ತಾ? ಒಂದು ನಾಯಿಗೋಸ್ಕರ ನನ್ನ ಹಿರೀಮಗನ್ನ ಪಣಕ್ಕಿಡ್ತೀಯಾ?”

ನಾನು ಗಂಡನ ಕಡೆ ನೋಡಿದೆ. ಅವರು ಚಟ್ನಿಯ ಬಟ್ಟಲು ನೋಡುತ್ತಿದ್ದರು. ಆಮೇಲೆ ತಾಯಿಗೆ, ಅವಳು ತಮಾಷೆಗೆ ಅಂದದ್ದು ಬಿಡಮ್ಮ ಅಂದರು. ಅತ್ತೆಯ ಮಾತು ನನಗೆ ನಾಟಲಿಲ್ಲ. ಅವರು ಅಂಥದ್ದನ್ನು ಹೇಳುವವರೇ. ತಮಾಷೆ ಅನ್ನುವ ಆ ಮಾತು ಇವತ್ತಿಗೂ ಎದೆಯಲ್ಲಿದೆ. ಇಷ್ಟು ವರ್ಷದ ಸಂಸಾರದಲ್ಲಿ ನನ್ನದು ಅಂತ ಒಂದು ವಸ್ತುವನ್ನು ಎತ್ತಿ ಕೊಡುತ್ತೇನೆ ಅಂದಾಗ, ಅದನ್ನು ಕೊಡುವ ಅಧಿಕಾರವೂ ನನಗಿರಲಿಲ್ಲ.

ಅದಾದ ಮೇಲೆ ಯಾರೂ ಆ ವಿಷಯ ಎತ್ತಲಿಲ್ಲ. ಆಸೆ ಬಿಟ್ಟರು ಅಂದುಕೊಂಡೆ. ಕೆಲವು ದಿನ ಕಳೆದು ವಿಶ್ವೇಶ್ವರಪುರದಲ್ಲಿರುವ ನನ್ನ ಅಣ್ಣನ ಮನೆಯಲ್ಲಿ ಮೊಮ್ಮಗುವಿನ ನಾಮಕರಣವಿತ್ತು. ಅಪರೂಪಕ್ಕೆ ಹೋಗ್ತಿದೀಯ, ಸಂಜೆವರೆಗೂ ಇದ್ದು ಬಾ ಎಂದು ಗಂಡ ತಾವಾಗಿ ಹೇಳಿದರು. ಅತ್ತೆ ಬೆಳ್ಳಿ ಬಟ್ಟಲು ತೆಗೆದುಕೊಟ್ಟರು. ಸಂತೋಷವಾಗಿ ಹೋದೆ. ತೊಟ್ಟಿಲು ತೂಗಿದೆ, ಹಾಡು ಹೇಳಿದೆ, ಹೋಳಿಗೆ ಊಟ ಮಾಡಿ ಅತ್ತಿಗೆಯ ಜೊತೆ ಹರಟೆ ಹೊಡೆದೆ.

ಸಂಜೆ ಆಟೋ ಇಳಿದಾಗ ಗೇಟಿಗೆ ನಾಯಿ ಬಂದು ಗುದ್ದಲಿಲ್ಲ. ಮುಂದಿನ ಅಂಗಳ ತೊಳೆದು ರಂಗೋಲಿ ಹಾಕಿದ್ದರು. ಹಜಾರದಲ್ಲಿ ಮಣೆಯ ಮೇಲೆ ಅರಿಶಿನದ ಬಟ್ಟೆಯ ದೊಡ್ಡ ಗಂಟು, ಅದರ ಮೇಲೆ ಕುಂಕುಮ, ಹೂವು. ಅದು ಏನೆಂದು ನೋಡಿದ ಕೂಡಲೇ ಗೊತ್ತಾಯಿತು. ಬಟ್ಟೆಯ ಸಂದಿನಿಂದ ಬಿಳಿ, ಕಂದು ಕೂದಲು ಹೊರಗೆ ಬಂದಿತ್ತು. ನಾಯಿ ಹಿಂದಿನ ಅಂಗಳದಲ್ಲಿ ನೀರಿನ ಸಂಪಿನ ಪಕ್ಕದ ಸಂದಿಯಲ್ಲಿ ಮುಖವನ್ನು ಗೋಡೆಗೆ ಮಾಡಿಕೊಂಡು ನಿಂತಿತ್ತು. ಅರ್ಧಕ್ಕರ್ಧ ಆಗಿಹೋಗಿತ್ತು. ತಲೆ ಮಾತ್ರ ಹಾಗೇ ದೊಡ್ಡದು, ಕೆಳಗೆ ಯಾವುದೋ ಬೇರೆ ಪ್ರಾಣಿಯ ಮೈ. ತೆಳು ಗುಲಾಬಿ ಚರ್ಮದ ಮೇಲೆ ಮಿಷನ್ನು ಓಡಿದ ಗೀರುಗಳು, ತೊಡೆಯ ಹತ್ತಿರ ಎರಡು ಕಡೆ ರಕ್ತ ಹೆಪ್ಪುಗಟ್ಟಿತ್ತು. ಹಣೆಗೆ ವಿಭೂತಿ ಬಳಿದಿದ್ದರು. ಕರೆದೆ, ತಿರುಗಲಿಲ್ಲ. ಹತ್ತಿರ ಹೋಗಿ ಕೈಯಿಟ್ಟರೆ ಚರ್ಮ ಅಲ್ಲಲ್ಲೇ ನಡುಗಿತು.

ಮೈದುನನ ಸಲೂನಿನವನನ್ನು ಮನೆಗೆ ಕರೆಸಿ ಮಾಡಿಸಿದ್ದರು. ಅವನನ್ನು ದೂರಿ ಪ್ರಯೋಜನವಿಲ್ಲ, ಕರೆದರು, ಬಂದ. ನನ್ನ ಗಂಡ ಆವತ್ತು ಅಂಗಡಿಗೆ ಹೋಗಿರಲಿಲ್ಲ. ಸಂಪಿನ ಹತ್ತಿರ ಬಂದು ನಿಂತು, ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು:

“ಒಂಚೂರೂ ತೊಂದ್ರೆ ಕೊಡ್ಲಿಲ್ಲ ಕಣೆ. ನಿನ್ನ ಚಾಪೆ ಹಾಸಿದ ತಕ್ಷಣ ಬಂದು ಮಲ್ಕೊಂಡ್ಬಿಡ್ತು. ತಿರುಗು ಅಂದ್ರೆ ತಿರುಗ್ತು. ಎಷ್ಟು ಚೆನ್ನಾಗಿ ಕಲಿಸಿದೀಯ ನೋಡು.”

ಅವರು ಹೊಗಳುತ್ತಿದ್ದರು. ಅದು ನಿಜಕ್ಕೂ ಹೊಗಳಿಕೆಯೆಂದೇ ಅವರು ತಿಳಿದಿದ್ದರು. ಬೆಲ್ಲ ಕೊಟ್ಟು ಬೇಡಿಕೊಂಡು ನಾನು ಬೆಳೆಸಿದ ನಂಬಿಕೆಯನ್ನೇ ಹಿಡಿದು ಅದನ್ನು ಮಲಗಿಸಿದ್ದರು. ಹಲ್ಲು ತೋರಿಸಿದ್ದರೆ, ಒಬ್ಬರ ಕೈಯನ್ನಾದರೂ ಕಚ್ಚಿದ್ದರೆ ಉಳಿದುಕೊಳ್ಳುತ್ತಿತ್ತು. ನನಗೆ ಅಳು ಬರಲಿಲ್ಲ. ಆ ಮನೆಯ ಒಬ್ಬೊಬ್ಬರ ಮೇಲೂ ಅಸಹ್ಯ ಬಂತು, ಗಂಡನ ಮೇಲೆ ಎಲ್ಲರಿಗಿಂತ ಜಾಸ್ತಿ.

ಮಾರನೆಯ ದಿನ ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಕಾರಿನಲ್ಲಿ ಗಂಟು ಇಟ್ಟುಕೊಂಡು ಮನೆದೇವರಿಗೆ ಹೋದರು. ಅಲ್ಲಿ ಹೊಳೆಯಲ್ಲಿ ಕೂದಲು ಬಿಟ್ಟರಂತೆ, ಮೈದುನ ಹ್ಯಾಟು ಹಾಕಿಕೊಂಡೇ ದಡದಲ್ಲಿ ನಿಂತಿದ್ದನಂತೆ, ಬಿಸಿಲು ನಾಟಿಗೆ ಆಗುವುದಿಲ್ಲವಲ್ಲ. ಪ್ರಸಾದ ತಂದು ನಾಯಿಗೂ ಹಾಕಿದರು.

ಬಿಸಿಲು ನಾಯಿಗೂ ಆಗಲಿಲ್ಲ. ತಂಪಾಗುತ್ತದೆ ಅಂದಿದ್ದರಲ್ಲ, ವಾರದೊಳಗೆ ಬೆನ್ನು ಕೆಂಪಗೆ ಬೆಂದು ಸಿಪ್ಪೆ ಏಳತೊಡಗಿತು. ವೈದ್ಯೆ ನನ್ನನ್ನೇ ಬೈದಳು. ಯಾರು ಮಾಡಿದ್ದು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಂಗಡಿಯಿಂದ ಮೆತ್ತನೆಯ ಬೆಡ್‌ಶೀಟು ತರಿಸಿ, ಕಾಲು ತೂರುವ ಹಾಗೆ ಅಂಗಿ ಹೊಲಿದೆ. ಹೂವಿನ ಚಿತ್ರದ ಅಂಗಿ ತೊಟ್ಟ ಅಷ್ಟು ದೊಡ್ಡ ನಾಯಿಯನ್ನು ಕಂಡು ಬೀದಿಯ ಮಕ್ಕಳು ನಕ್ಕರು. ಈಗ ಅದನ್ನು ಹೊರಗೆ ಕರೆದುಕೊಂಡು ಹೋಗುವವಳೂ ನಾನೇ ಆದೆ. ಕಜ್ಜಿಯಾ ಸಾರ್ ಎಂದು ಯಾರೋ ಕೇಳಿದ ಮೇಲೆ ಮೈದುನ ಹಗ್ಗ ಮುಟ್ಟಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಳಗಿನ ಹತ್ತಿಯಂಥ ಕೂದಲು ಬಂತು. ಹೊರಗಿನ ಒರಟು ಕೂದಲು ಬರಲಿಲ್ಲ. ಬರಿಯ ಹತ್ತಿ ಒಂದಕ್ಕೊಂದು ಕಚ್ಚಿ ಹಳೆಯ ಕೌದಿಯ ಹಾಗೆ ಗಟ್ಟಿಯಾಗುತ್ತಿತ್ತು. ಬೆನ್ನಿನ ಮೇಲೆ ಅಲ್ಲಲ್ಲಿ ಅಂಗೈಯಗಲದ ಜಾಗಗಳಲ್ಲಿ ಏನೂ ಹುಟ್ಟಲೇ ಇಲ್ಲ, ಚರ್ಮ ಕಪ್ಪಾಯಿತು. ನಾನು ದಿನಾ ಬೆರಳಿನಲ್ಲಿ ಬೇರ್ಪಡಿಸಿ ನೋಡುತ್ತಿದ್ದೆ, ಒಂದು ಉದ್ದನೆಯ ಎಳೆ ಕಂಡರೆ ಸಂಜೆಯವರೆಗೂ ಖುಷಿಯಾಗಿರುತ್ತಿದ್ದೆ. ಬಾಚಣಿಗೆ ತೆಗೆದರೆ ಅದು ಎದ್ದು ಸಂಪಿನ ಸಂದಿಗೆ ಹೋಗುತ್ತಿತ್ತು. ಹೋಗಿ ಅದರ ಹಿಂದೆ ಕುಳಿತು, ಗಂಟೆಗಟ್ಟಲೆ ಮಾತಾಡಿಸಿ, ಒಂದು ಕಾಲಿನದಷ್ಟನ್ನು ಬಾಚಿ ಏಳುತ್ತಿದ್ದೆ.

ಅಷ್ಟರಲ್ಲಿ ಹುಡುಗಿಗೆ ಸಂಬಂಧ ಕುದುರಿತು. ಅತ್ತೆಗೆ ಇನ್ನೇನು ಬೇಕು? ಬಂದವರಿಗೆಲ್ಲ ಹರಕೆಯ ಮಹಿಮೆ ಹೇಳಿದರು. ನಿಶ್ಚಿತಾರ್ಥದ ದಿನ ಬೀಗರ ಕಣ್ಣಿಗೆ ಬೀಳಬಾರದೆಂದು ನಾಯಿಯನ್ನು ಮಹಡಿಯ ಶೀಟಿನ ಕೋಣೆಯಲ್ಲಿ ಕೂಡಿಹಾಕಿದರು. ಆವತ್ತಿನ ಫೋಟೊಗಳಲ್ಲಿ ಮೈದುನನ ಕ್ರಾಪು ಬಹಳ ಚೆನ್ನಾಗಿ ಬಂದಿದೆ.

ಮುಂದಿನ ಬೇಸಿಗೆಯನ್ನು ನಾಯಿ ದಾಟಲಿಲ್ಲ. ಆ ಸಲ ಬಸವನಗುಡಿಯ ಮರಗಳ ಕೆಳಗೂ ಸೆಕೆ. ಬಚ್ಚಲುಮನೆಯ ಒದ್ದೆ ನೆಲದ ಮೇಲೆ ಮಲಗಿ ಇಡೀ ದಿನ ಏದುಸಿರು ಬಿಡುತ್ತಿತ್ತು. ಐಸು ತರಿಸಿ ಟವೆಲ್ಲಿನಲ್ಲಿ ಸುತ್ತಿ ಹೊಟ್ಟೆಗೆ ಇಡುತ್ತಿದ್ದೆ. ಒಂದು ಮಧ್ಯಾಹ್ನ ಏಳಲಿಲ್ಲ. ವೈದ್ಯೆ ಬಂದು ಡ್ರಿಪ್ ಹಾಕಿದಳು, ಅದು ಮುಗಿಯುವ ಮೊದಲೇ ಹೋಯಿತು. ಬೋಳಿಸಿದ್ದಕ್ಕೇನಮ್ಮಾ ಎಂದು ಅವಳನ್ನು ಕೇಳಿದೆ. ಹೌದು ಅನ್ನಲಿ ಎಂದು ನನಗೆ ಎಷ್ಟು ಆಸೆಯಿತ್ತೆಂದರೆ ಕೈ ಮುಗಿಯುವುದೊಂದು ಬಾಕಿ. ಅವಳು ಪ್ರಾಮಾಣಿಕಳು. ದೊಡ್ಡ ಜಾತಿಯ ನಾಯಿಗಳಿಗೆ ಆಯಸ್ಸೇ ಕಡಿಮೆ, ಇಂಥದ್ದಕ್ಕೇ ಅಂತ ಖಚಿತವಾಗಿ ಹೇಳಲಾಗುವುದಿಲ್ಲ ಅಂದಳು. ಹೋಗಲಿ, ಆ ಒಂದು ಮಾತೂ ನನಗೆ ಸಿಗಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು. ಸುಳ್ಳು ಅಳುವಲ್ಲ, ಅವರಿಗೂ ದುಃಖವಾಗಿತ್ತು.

“ಈ ಮನೆಗೆ ಬರ್ಬೇಕಾಗಿದ್ದ ಕಂಟಕಾನ ಅದು ತಗೊಂಡು ಹೋಯ್ತು. ಪುಣ್ಯದ ಜೀವ,” ಅಂದರು.

ಎಲ್ಲರೂ ತಲೆಯಾಡಿಸಿದರು. ಬದುಕಿದ್ದಾಗ ಜಂಬಕ್ಕೆ, ಆಮೇಲೆ ಹರಕೆಗೆ, ಕೊನೆಗೆ ಅದರ ಸಾವನ್ನೂ ತಮ್ಮ ಒಳಿತಿಗೇ ಜಮಾ ಮಾಡಿಕೊಂಡರು. ನಾನು ಒದ್ದೆ ನೆಲದ ಮೇಲೆ ಅದರ ತಲೆ ಹಿಡಿದುಕೊಂಡು ಕೂತಿದ್ದೆ. ಆ ರಾತ್ರಿ ಅಡುಗೆ ಮಾಡಲಿಲ್ಲ, ಹೋಟೆಲಿನಿಂದ ತರಿಸಿಕೊಂಡರು.

ಬಾಚಣಿಗೆಗಳನ್ನು, ಬ್ರಷ್ಷನ್ನು ತೊಳೆದು ಒಣಗಿಸಿ ಪಶುವೈದ್ಯೆಗೆ ಕೊಟ್ಟು ಬಂದೆ. ಹುಡುಗಿಯ ಮದುವೆ ಆಯಿತು. ಮದುವೆ ಮುಗಿದ ಮೇಲೆ ಮನೆ ಬಿಕೋ ಅನ್ನುತ್ತದೆ ಎಂದು ಮೈದುನ ಒಂದು ಸಂಜೆ ಬುಟ್ಟಿಯಲ್ಲಿ ಮತ್ತೊಂದು ಮರಿ ತಂದ. ಅದೇ ಜಾತಿ, ಅದೇ ಬಿಳಿ, ಕಂದು. ಅಡುಗೆಮನೆಗೇ ಬಂದು ನನ್ನ ಮಡಿಲಿಗೆ ಇಟ್ಟ. “ನಿಮ್ಮ ಕೈಗೇ ಕೊಡ್ತಿದೀನಿ ಅತ್ತಿಗೆ. ನಿಮ್ಮಷ್ಟು ಚೆನ್ನಾಗಿ ಇನ್ಯಾರು ನೋಡ್ಕೋತಾರೆ?”

ನಾನು ಮರಿಯನ್ನು ಎತ್ತಿ ನೆಲದ ಮೇಲೆ ಬಿಟ್ಟೆ. ಅನ್ನ ಹಾಕ್ತೀನಿ, ಬಾಚಲ್ಲ ಅಂದೆ. ನಾಲ್ಕು ದಿನದ ಮುನಿಸು ಎಂದು ತಿಳಿದರು.

ಅದಾಗಿ ತಿಂಗಳುಗಳಾದವು. ಈಗ ಅವರೆಕಾಯಿಯ ಕಾಲ. ಮಧ್ಯಾಹ್ನ ಹಿಂದಿನ ಅಂಗಳದಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕುವುದು ನನ್ನ ಕೆಲಸ. ಮರಿ ಅಲ್ಲೇ ಬಂದು ಬೀಳುತ್ತದೆ. ಮನೆಯವರು ಯಾರಾದರೂ ಆ ಕಡೆ ಹಾಯುವಾಗ ಬೆನ್ನ ಮೇಲೆ ಒಂದೆರಡು ಸಲ ಹೊಸ ಬ್ರಷ್ಷು ಎಳೆದು ಹೋಗುತ್ತಾರೆ, ಮೇಲೆ ಹೊಳೆಯುತ್ತದೆ. ಅದರ ಬಲಗಿವಿಯ ಹಿಂದೆ ಗಂಟು ಶುರುವಾಗಿದೆ. ಕೂತಲ್ಲಿಂದಲೇ ನನಗೆ ಕಾಣುತ್ತದೆ, ಮರಿ ಹಿಂಗಾಲಿನಲ್ಲಿ ಅದನ್ನೇ ಕೆರೆದುಕೊಳ್ಳುತ್ತದೆ. ಈಗ ಇನ್ನೂ ಎರಡು ಬೆರಳಿನಲ್ಲಿ ಬಿಡಿಸಬಹುದು. ಇನ್ನೊಂದು ತಿಂಗಳಾದರೆ ಚರ್ಮ ಎಳೆಯುತ್ತದೆ, ಆಮೇಲೆ ಕತ್ತರಿ, ಆಮೇಲೆ ಮಿಷನ್ನು. ನಾನು ಯಾರಿಗೂ ಹೇಳಿಲ್ಲ.

ಮೊನ್ನೆ ಅತ್ತೆ ಹಿತ್ತಲ ಬಾಗಿಲಿಗೆ ಒರಗಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಅವರ ಕಣ್ಣಿಗೂ ಗಂಟು ಬಿತ್ತೆಂದು ಕಾಣುತ್ತದೆ.

“ಆ ಮರಿ ಏನ್ ತಪ್ಪು ಮಾಡಿದೆಯೇ, ಪಾಪ?” ಎಂದು ಕೇಳಿದರು.

ಏನೂ ಮಾಡಿಲ್ಲ. ಅದು ನನಗೆ ಗೊತ್ತಿದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೊತ್ತಿಯಿಲ್ಲ. ಒಬ್ಬರು ತೆರಬೇಕಾದ್ದನ್ನು ಇನ್ನೊಂದು ಬಾಯಿಲ್ಲದ ಜೀವದ ಮೇಲೆ ಹಾಕುವುದು ಈ ಮನೆಯ ಪದ್ಧತಿ, ಇಷ್ಟು ವರ್ಷಕ್ಕೆ ನಾನೂ ಕಲಿತಿದ್ದೇನೆ. ಇನ್ನೊಂದು ಹಿಡಿ ಕಾಳು ತೆಗೆದುಕೊಂಡು ಹಿಸುಕತೊಡಗಿದೆ. ಮರಿ ಎದ್ದು ಬಂದು, ಕೆರೆತ ತಾಳಲಾರದೆ, ಆ ಕಿವಿಯನ್ನೇ ನನ್ನ ಪಾದಕ್ಕೆ ಉಜ್ಜಿತು. ನಾನು ಕಾಲು ಎಳೆದುಕೊಂಡೆ.